ಮಣಿಕಟ್ಟಿನ ಮೇಲೆ ಹೊಗೆಸೊಪ್ಪು

ಹಾಸ್ಟೆಲ್‌ಗೆ ಬಂದ ಮೊದಲ ವಾರ ರೂಮ್‌ಮೇಟ್ ಕೇಳಿದ್ದ, 'ನೀನು ಬೀಡಿ ಸೇದ್ತೀಯಾ?'

ನಾನು ಸೇದುವವನಲ್ಲ. ನಮ್ಮೂರು ಪಿರಿಯಾಪಟ್ಟಣದ ಕಡೆ. ಆಗ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಪಕ್ಕ ಒಣಗಿದ ಬಟ್ಟೆಗಳನ್ನೇ ಬ್ಯಾಗಿಗೆ ತುಂಬಿಕೊಂಡು ಬಂದಿದ್ದೆ. ಅವತ್ತು ಎಲ್ಲವನ್ನೂ ಎರಡೆರಡು ಸಲ ಒಗೆದೆ. ಅಪ್ಪ ಏನು ಬೆಳೀತಾರೆ ಎಂದು ಯಾರಾದರೂ ಕೇಳಿದರೆ 'ರಾಗಿ' ಎನ್ನುವುದು ರೂಢಿಯಾಯಿತು.

ಎರಡು ವರ್ಷದ ನಂತರ ಅದೇ ಗೆಳೆಯ ಬೆರಳುದ್ದದ ಸೀಸೆಯೊಂದನ್ನು ತಂದ. ಟಾಮ್ ಫೋರ್ಡ್ ಬ್ರ್ಯಾಂಡಿನ 'ಟೊಬ್ಯಾಕೊ ವನಿಲ್', 2007ರಲ್ಲಿ ಮಾರುಕಟ್ಟೆಗೆ ಬಂದ ಪರ್ಫ್ಯೂಮ್. ಪೂರ್ತಿ ಬಾಟಲಿ ನಮ್ಮ ಜೇಬಿಗೆ ಎಟುಕುವುದಲ್ಲ. ಅವನ ಅಣ್ಣ ಕೊಟ್ಟಿದ್ದು 2 ಎಂ.ಎಲ್. 'ಹೊಗೆಸೊಪ್ಪಿನ ವಾಸನೆಗೆ ಜನ ಎಷ್ಟು ದುಡ್ಡು ಕೊಡ್ತಾರೆ ನೋಡು' ಎಂದ. ನಾನು ಸುಮ್ಮನಿದ್ದೆ.

ಬೆಳಿಗ್ಗೆ ಮಣಿಕಟ್ಟಿಗೆ ಒಂದೇ ಸಲ ಸಿಂಪಡಿಸಿಕೊಂಡೆ. ಮೊದಲು ಮೂಗಿಗೆ ಬಡಿದಿದ್ದು ಶುಂಠಿ, ಲವಂಗ ನೆನಪಿಸುವ ಖಾರ. ಅದರ ಹಿಂದೆಯೇ ಒಣ ಎಲೆಯ ಗಾಢ ವಾಸನೆ. ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಖಾರ ತಗ್ಗಿ ವೆನಿಲಾ, ಕೋಕೊ ಮೇಲೆ ಬಂದವು. ಮಧ್ಯಾಹ್ನ ಒಣದ್ರಾಕ್ಷಿಯಂಥ ಸಿಹಿ. ರಾತ್ರಿ ಊಟಕ್ಕೆ ಕೂತಾಗಲೂ ಒಣಹುಲ್ಲು, ಬಾದಾಮಿಯಂಥ ಪರಿಮಳ ಚರ್ಮಕ್ಕೆ ಅಂಟಿಕೊಂಡೇ ಇತ್ತು.

ನಾನು ಓದುತ್ತಿರುವುದು ಕೆಮಿಕಲ್ ಎಂಜಿನಿಯರಿಂಗ್. ಹಾಗಾಗಿ ಇದರ ಹಿಂದಿನ ಲೆಕ್ಕ ಹುಡುಕಿದೆ. ನಿಂಬೆಸಿಪ್ಪೆಯ ಲಿಮೊನೀನ್ ಕುದಿಯುವುದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಬೇಗ ಆರಿಹೋಗುತ್ತದೆ. ವೆನಿಲಾದ ವೆನಿಲಿನ್‌ಗೆ 285 ಡಿಗ್ರಿ ಬೇಕು. ಟೊಂಕಾ ಬೀಜದ ಕೂಮರಿನ್‌ಗೆ ಸುಮಾರು 300. ಒಣಹುಲ್ಲಿನ ಆ ಪರಿಮಳ ಕೂಮರಿನ್‌ನದೇ. ಹಗುರವಾದದ್ದು ಮೊದಲು ಹೊರಡುತ್ತದೆ, ನಿಧಾನದ್ದು ಕೊನೆಗೆ ಉಳಿಯುತ್ತದೆ. ನಾವು ಲ್ಯಾಬಿನಲ್ಲಿ ಮಾಡುವ ಡಿಸ್ಟಿಲೇಷನ್ ಚರ್ಮದ ಮೇಲೆ ತಾನಾಗಿಯೇ ನಡೆದಂತೆ.

ಬ್ಯಾರನ್ ಒಳಗೂ ಕೆಮಿಸ್ಟ್ರಿಯೇ. ಕಡ್ಡಿಗೆ ಕಟ್ಟಿ ನೇತುಹಾಕಿದ ಹಸಿರೆಲೆ ಹದವಾದ ಬಿಸಿಯಲ್ಲಿ ಹಳದಿಯಾಗುವಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಎಲೆಯ ಬಣ್ಣದ ಕೆರೊಟಿನಾಯ್ಡ್‌ಗಳು ಒಡೆದು ಪರಿಮಳವಾಗುತ್ತವೆ. ಅವುಗಳಲ್ಲೊಂದಾದ ಡಮಾಸ್ಕೆನೋನ್ ಗುಲಾಬಿ ಎಣ್ಣೆಯಲ್ಲೂ ಇದೆ! ನಾನು ಸೋಪು ಹಾಕಿ ಉಜ್ಜಿ ಉಜ್ಜಿ ತೆಗೆದದ್ದು ಇದನ್ನು.

ದಸರಾ ರಜೆಗೆ ಸೀಸೆಯಲ್ಲಿ ಉಳಿದಿದ್ದ ನಾಲ್ಕು ಹನಿಯೊಂದಿಗೆ ಊರಿಗೆ ಹೋದೆ. ಮಣಿಕಟ್ಟು ಮುಂದೆ ಹಿಡಿದೆ. ಸೌದೆ ಒಟ್ಟುತ್ತಿದ್ದ ಅಪ್ಪ ಕೈ ಒರೆಸಿಕೊಂಡು ಮೂಸಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

'ಎರಡ್ನೇ ದಿನದ ಬ್ಯಾರನ್ ಇದ್ದಂಗದೆ ಕಣ್ಲಾ. ಯಾರೋ ಬೆಲ್ಲ ಹಾಕವ್ರೆ.'

ಇದಕ್ಕಿಂತ ಚೆನ್ನಾಗಿ ಈ ಪರ್ಫ್ಯೂಮನ್ನು ನಾನು ವಿವರಿಸಲಾರೆ.

ಆಮೇಲೆ ಕೇಳಿದರು, 'ಇದುನ್ನ ಯಾರೂ ಸೇದಲ್ವಲ್ಲ?'

'ಇಲ್ಲಪ್ಪ. ಬರೀ ಮೈಗೆ ಹಾಕ್ಕೊಳ್ಳೋದು.'

'ಹಂಗಾದ್ರೆ ವಾಸಿ' ಎಂದು ಮತ್ತೆ ಸೌದೆ ಎತ್ತಿಕೊಂಡರು. ಹರಾಜುಕಟ್ಟೆಗೆ ಹೋದ ಸೊಪ್ಪು ಏನಾಗುತ್ತದೆಂಬ ಯೋಚನೆ ಅವರಿಗೂ ಇತ್ತೆಂದು ನನಗೆ ಗೊತ್ತಾಗಿದ್ದು ಅವತ್ತೇ.

ಹಾಸ್ಟೆಲ್‌ಗೆ ವಾಪಸಾದ ದಿನ ಗೆಳೆಯನಿಗೆ ಹೇಳಿದೆ, ಅಪ್ಪ ಬೆಳೆಯುವುದು ಬರೀ ರಾಗಿಯಲ್ಲ.