ಚಿತ್ರವು ಮನೆ ಸೇರುವ ದಾರಿ

ಪರಿಚಿತರೊಬ್ಬರ ಮನೆಯಲ್ಲಿ ಅಜ್ಜಿ ತೀರಿಕೊಂಡರು. ಮೂರು ವರ್ಷಗಳ ಹಿಂದೆ ಮೊಮ್ಮಗಳ ಮದುವೆಯಲ್ಲಿ ತೆಗೆದ ಚಿತ್ರವೊಂದರಲ್ಲಿ ಅವರ ಮುಖ ಬಹಳ ಸೊಗಸಾಗಿ ಬಂದಿದ್ದಿತು. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಬೇಕೆಂದು ಮಗ ತಮ್ಮ ಫೋನಿನಲ್ಲಿದ್ದ ಪ್ರತಿಯನ್ನು ಮುದ್ರಣದ ಅಂಗಡಿಗೆ ಒಯ್ದರು. ಬಂದ ಪಟದಲ್ಲಿ ಕಣ್ಣಿನ ಸುತ್ತಲಿನ ಸುಕ್ಕುಗಳು ಅಳಿಸಿಹೋಗಿದ್ದುವು. ಸೀರೆಯ ಅಂಚು ಸಣ್ಣ ಸಣ್ಣ ಚೌಕಗಳಾಗಿ ಒಡೆದಿದ್ದಿತು. ಮೂಲಚಿತ್ರಕ್ಕಾಗಿ ಹುಡುಕಿದರೆ, ಛಾಯಾಚಿತ್ರಕಾರರು ಅಂದು ಕಳುಹಿಸಿದ್ದ ಕೊಂಡಿಯ ಅವಧಿ ಎಂದೋ ಮುಗಿದಿದ್ದಿತು. ಅವರ ಬಳಿಯೂ ಪ್ರತಿ ಉಳಿದಿರಲಿಲ್ಲ. ಚಿತ್ರ ತೆಗೆದವರು ಚೆನ್ನಾಗಿಯೇ ತೆಗೆದಿದ್ದರು. ಮುದ್ರಿಸಿದವರು ಸರಿಯಾಗಿಯೇ ಮುದ್ರಿಸಿದ್ದರು. ಚಿತ್ರವು ಸೊರಗಿದುದು ನಡುವಣ ದಾರಿಯಲ್ಲಿ. ಆ ದಾರಿಯನ್ನು ಆರಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಫಿಲಂ ಬಳಕೆಯಲ್ಲಿದ್ದ ಕಾಲದಲ್ಲಿ ಗಿರಾಕಿಗಳು ಸ್ಟುಡಿಯೋಗೆ ಹೋಗಿ ಕಾಗದದ ಪ್ರತಿಗಳನ್ನು ಲಕೋಟೆಯಲ್ಲಿ ತರುತ್ತಿದ್ದರು. ಇಂದು ಕೈಯಿಂದ ಕೈಗೆ ದಾಟುವುದು ಕಾಗದವಲ್ಲ, ಅಂಕಿಗಳ ಪಟ್ಟಿ. ಉದ್ದದಲ್ಲಿ 6000, ಅಗಲದಲ್ಲಿ 4000 ಬಿಂದುಗಳುಳ್ಳ ಚಿತ್ರವೊಂದನ್ನು ತೆಗೆದುಕೊಳ್ಳೋಣ. ಈ ಬಿಂದುಗಳಿಗೆ ಪಿಕ್ಸೆಲ್ ಎಂದು ಹೆಸರು. ಒಟ್ಟು 2 ಕೋಟಿ 40 ಲಕ್ಷ ಪಿಕ್ಸೆಲ್‌ಗಳು. ಪ್ರತಿಯೊಂದಕ್ಕೂ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು ತಿಳಿಸುವ ಮೂರು ಅಂಕಿಗಳು. ಒಂದು ಅಂಕಿಗೆ ಒಂದು ಬೈಟ್ ಎಂದು ಹಿಡಿದರೆ ಇಡೀ ಚಿತ್ರಕ್ಕೆ 7 ಕೋಟಿ 20 ಲಕ್ಷ ಬೈಟ್, ಅಂದರೆ 72 ಮೆಗಾಬೈಟ್ ಸ್ಥಳ ಬೇಕು. ಮದುವೆಯೊಂದಕ್ಕೆ ಇಂತಹ ಸಾವಿರ ಚಿತ್ರಗಳಾದರೆ ಆ ಹೊರೆಯನ್ನು ಸಾಗಿಸುವುದೆಂತು?

ಇದಕ್ಕೆ ಉಪಾಯವನ್ನು ಒದಗಿಸಿದ ಗಣಿತದಲ್ಲಿ ನಮ್ಮ ನಾಡಿನವರೊಬ್ಬರ ಪಾಲು ದೊಡ್ಡದೆಂಬುದು ಸಂತೋಷದ ಸಂಗತಿ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಓದಿ, ಅಮೆರಿಕೆಗೆ ಹೋದ ನಾಸಿರ್ ಅಹ್ಮದ್ ಅವರು 1972ರಲ್ಲಿ ಕೊಸೈನ್ ಪರಿವರ್ತನೆಯೆಂಬ ಕಲ್ಪನೆಯನ್ನು ಮುಂದಿಟ್ಟು ಸಂಶೋಧನೆಗೆ ಧನಸಹಾಯ ಕೇಳಿದರು. ಅದು ತೀರ ಸರಳವೆಂದು ಪರಿಶೀಲಕರೊಬ್ಬರಿಗೆ ತೋರಿತಂತೆ, ಸಹಾಯ ದೊರೆಯಲಿಲ್ಲ. ಆದರೂ ಅವರು ಕೆಲಸವನ್ನು ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ಮಾನಕವಾಗಿ ನಿಂತ ಜೆಪೆಗ್ ಎಂಬ ಚಿತ್ರಕ್ರಮಕ್ಕೆ ಇದೇ ತಳಹದಿ.

ಅದರ ರೀತಿ ಹೀಗೆ: ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಕತ್ತರಿಸುವರು. ತಂಬೂರಿಯ ನಾದದಲ್ಲಿ ಮೂಲಸ್ವರದೊಡನೆ ನವುರಾದ ಮೇಲುಸ್ವರಗಳು ಬೆರೆತಿರುವಂತೆ, ಪ್ರತಿಯೊಂದು ಚೌಕವೂ 64 ಬಗೆಯ ಅಲೆಗಳ ಮಿಶ್ರಣವೆಂದು ಲೆಕ್ಕಹಾಕುವರು. ವಿಶಾಲವಾದ ಅಲೆಗಳು ಚಿತ್ರದ ಸ್ಥೂಲರೂಪವನ್ನೂ, ಕಿರಿದಾದ ಅಲೆಗಳು ಕೂದಲೆಳೆ ಸುಕ್ಕುಗಳಂತಹ ಸೂಕ್ಷ್ಮಗಳನ್ನೂ ಹೊತ್ತಿರುವುವು. ಕಣ್ಣಿಗೆ ಅಷ್ಟಾಗಿ ತಿಳಿಯದ ಕಿರಿಯ ಅಲೆಗಳ ಅಂಕಿಗಳನ್ನು ಒರಟಾಗಿ ದುಂಡುಮಾಡಿ, ಬಹಳ ಸಣ್ಣವನ್ನು ಸೊನ್ನೆಯಾಗಿಸಿದರೆ ಕಡತ ಹಗುರವಾಗುವುದು. ಹಿತಮಿತವಾಗಿ ಮಾಡಿದರೆ 72 ಮೆಗಾಬೈಟಿನ ಚಿತ್ರ ಸುಮಾರು 10 ಮೆಗಾಬೈಟಿಗೆ ಇಳಿದರೂ ನಷ್ಟ ಕಾಣಿಸದು. ಮಿತಿ ಮೀರಿದರೆ ಸುಕ್ಕುಗಳು ಮಾಯವಾಗಿ ಚೌಕಗಳ ಗೆರೆಗಳೇ ಮೇಲೇಳುವುವು. ಒಮ್ಮೆ ಕಳೆದುಹೋದುದು ಮತ್ತೆ ಬಾರದು. ಅಜ್ಜಿಯ ಪಟಕ್ಕೆ ಆದುದು ಇದೇ.

ಈಗ ದಾರಿಗಳನ್ನು ಒಂದೊಂದಾಗಿ ನೋಡೋಣ. ಎಲ್ಲಕ್ಕಿಂತ ಸುಲಭವಾದುದು ವಾಟ್ಸ್‌ಆ್ಯಪ್. ಆದರೆ ಅಲ್ಲಿ ಸಾಮಾನ್ಯ ಕ್ರಮದಲ್ಲಿ ಕಳುಹಿಸಿದ ಚಿತ್ರವನ್ನು ಕುಗ್ಗಿಸಿ, ಮತ್ತೊಮ್ಮೆ ಹಿಂಡಿ ಸಾಗಿಸುವರು. ಉದ್ದನೆಯ ಬದಿ ಸುಮಾರು 1600 ಬಿಂದುಗಳಿಗೆ ಇಳಿಯುವುದು. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳಿರಬೇಕೆಂಬುದು ರೂಢಿ. ಆ ಲೆಕ್ಕದಲ್ಲಿ ಮೂಲಚಿತ್ರವನ್ನು 20 ಅಂಗುಲ ಉದ್ದಕ್ಕೆ ಮುದ್ರಿಸಬಹುದಾಗಿದ್ದರೆ, ಕುಗ್ಗಿದ ಪ್ರತಿಯನ್ನು ಐದು ಅಂಗುಲಕ್ಕೆ ಸ್ವಲ್ಪ ಮೇಲ್ಪಟ್ಟು ಹಿಗ್ಗಿಸಲಾಗದು. ನಂಟರಿಗೆಲ್ಲ ಕೂಡಲೆ ತೋರಿಸುವುದಕ್ಕೆ ಇಷ್ಟು ಸಾಕು, ಗೋಡೆಗೆ ಸಾಲದು. ಅದೇ ಚಿತ್ರವನ್ನು ದಾಖಲೆಯ ರೂಪದಲ್ಲಿ, ಎಂದರೆ ಡಾಕ್ಯುಮೆಂಟ್ ಎಂಬ ಆಯ್ಕೆಯಿಂದ ಕಳುಹಿಸಿದರೆ ಕಡತ ಇದ್ದಂತೆಯೇ ತಲಪುವುದು. ಆದರೆ ಸಾವಿರ ಚಿತ್ರಗಳನ್ನು ಹೀಗೆ ಕಳುಹಿಸುವುದು ಇಬ್ಬರಿಗೂ ಬೇಸರದ ಕೆಲಸ.

ಇ-ಅಂಚೆಯು ಚಿತ್ರವನ್ನು ಕೆಡಿಸದು. ಆದರೆ ಅದರ ಚೀಲ ಚಿಕ್ಕದು. ಜಿಮೇಲ್‌ನಲ್ಲಿ ಒಂದು ಪತ್ರದ ಮಿತಿ 25 ಮೆಗಾಬೈಟ್. ಅದರಲ್ಲಿಯೂ ಲಗತ್ತನ್ನು ಅಕ್ಷರಗಳಾಗಿ ಬದಲಿಸಿ ಸಾಗಿಸುವಾಗ ಮೂರು ಬೈಟುಗಳು ನಾಲ್ಕಾಗಿ ಹಿಗ್ಗುವುದರಿಂದ, ದೊಡ್ಡ ಚಿತ್ರಗಳು ಒಂದೆರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಸಾವಿರ ಚಿತ್ರಗಳಿಗೆ ಬೇಕಾದುದು ದೂರದ ಗಣಕದಲ್ಲಿ ಸ್ಥಳ. ಇದರಲ್ಲಿ ಮೂರು ಬಗೆಗಳುಂಟು. ಮೊದಲನೆಯದು ಕಡತ ಸಾಗಿಸುವ ಸೇವೆ: ಚಿತ್ರಗಳನ್ನು ಅಲ್ಲಿಗೆ ಏರಿಸಿದರೆ ಒಂದು ಕೊಂಡಿ ದೊರೆಯುವುದು, ಕೆಲವು ದಿನಗಳಲ್ಲಿ ಅದರ ಅವಧಿ ಮುಗಿಯುವುದು. ಎರಡನೆಯದು ಗೂಗಲ್ ಡ್ರೈವ್‌ನಂತಹ ಉಗ್ರಾಣ: ಕಳುಹಿಸಿದವರ ಖಾತೆ ಬಾಳುವ ತನಕ, ಅವರು ಅಳಿಸದಿದ್ದರೆ, ಕಡತಗಳು ಉಳಿಯುವುವು. ಮೂರನೆಯದು ಛಾಯಾಚಿತ್ರಕಾರರಿಗೆಂದೇ ಮಾಡಿದ ಗ್ಯಾಲರಿ: ಇಲ್ಲಿ ಮನೆಯವರು ಕುಳಿತಲ್ಲಿಂದಲೇ ಚಿತ್ರಗಳನ್ನು ನೋಡಿ, ಆಲ್ಬಮ್ಮಿಗೆ ಬೇಕಾದುವನ್ನು ಗುರುತು ಮಾಡಿ, ಗುಪ್ತಪದದಿಂದ ಬಾಗಿಲು ಹಾಕಿಕೊಳ್ಳಬಹುದು, ಆದರೆ ಬಾಡಿಗೆ ನಿಂತರೆ ಗ್ಯಾಲರಿಯೂ ನಿಲ್ಲುವುದು.

ಸಮಯದ ಲೆಕ್ಕವನ್ನೂ ಮರೆಯಲಾಗದು. ಹತ್ತು ಮೆಗಾಬೈಟಿನ ಸಾವಿರ ಚಿತ್ರಗಳೆಂದರೆ 10 ಗಿಗಾಬೈಟ್, ಅಂದರೆ 80,000 ಮೆಗಾಬಿಟ್. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಏರಿಸಲು 4000 ಸೆಕೆಂಡು, ಎಂದರೆ ಒಂದು ಗಂಟೆ ಏಳು ನಿಮಿಷ ಹಿಡಿಯುವುದು. ಎಲ್ಲವನ್ನೂ ಜಿಪ್ ಕಟ್ಟಾಗಿ ಕಟ್ಟಿದರೆ ಹೊರೆ ಇಳಿಯುವುದೇ? ಇಲ್ಲ, ಜೆಪೆಗ್ ಚಿತ್ರವು ಆಗಲೇ ಹಿಂಡಿದ ಹಣ್ಣು. ಆದರೆ ಜಿಪ್ ಕಟ್ಟಿನಲ್ಲಿ ಪ್ರತಿಯೊಂದು ಕಡತಕ್ಕೂ ತಾಳೆ ನೋಡುವ ಸಂಖ್ಯೆಯೊಂದು ಇರುವುದರಿಂದ, ದಾರಿಯಲ್ಲಿ ಕೆಟ್ಟ ಕಡತವನ್ನು ಬಿಚ್ಚುವಾಗ ಕಂಡುಹಿಡಿಯಬಹುದು.

ಹಾಗಾದರೆ ಯಾವ ದಾರಿ ಮೇಲು? ಗಿರಾಕಿಗೆ ಚಿತ್ರದಿಂದ ಆಗಬೇಕಾದ ಕೆಲಸವೇನೆಂದು ಕೇಳಿದರೆ ಉತ್ತರ ತಾನಾಗಿ ಹೊಳೆಯುವುದು. ನೋಡಿ ನಲಿಯುವುದಕ್ಕೆ ಕುಗ್ಗಿದ ಪ್ರತಿ, ಆರಿಸುವುದಕ್ಕೆ ಗ್ಯಾಲರಿ, ಮುದ್ರಿಸುವುದಕ್ಕೂ ಕಾಪಾಡುವುದಕ್ಕೂ ಕುಗ್ಗದ ಮೂಲಕಡತ. ಒಂದೇ ದಾರಿ ಮೂರಕ್ಕೂ ಒದಗುವುದೆಂದು ನಂಬುವುದೇ ತಪ್ಪಿಗೆ ಮೂಲ. ಮನೆಯ ಮಕ್ಕಳ ಮುಖಗಳಿರುವ ಕೊಂಡಿಯನ್ನು ಯಾರು ಬೇಕಾದರೂ ತೆರೆಯುವಂತೆ ಬಿಡದಿರುವುದೂ ಛಾಯಾಚಿತ್ರಕಾರರ ಹೊಣೆಯೇ.

ಕೊಂಡಿಯನ್ನು ಕಳುಹಿಸಿದೊಡನೆ ಒಪ್ಪಿಸುವ ಕೆಲಸ ಮುಗಿಯಿತೆನ್ನುವಂತಿಲ್ಲ. ಕೊಂಡಿಯೆಂಬುದು ಚಿತ್ರವಲ್ಲ, ಚಿತ್ರವಿರುವ ಸ್ಥಳದ ವಿಳಾಸ ಮಾತ್ರ. ಸ್ಥಳ ತೆರವಾದ ಮೇಲೆ ವಿಳಾಸದಿಂದೇನು ಫಲ? ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಆದುದರಿಂದ ಛಾಯಾಚಿತ್ರಕಾರರು ಕೊಂಡಿಯ ಕೊನೆಯ ದಿನಾಂಕವನ್ನು ಸ್ಪಷ್ಟವಾಗಿ ಬರೆದು ತಿಳಿಸಬೇಕು. ಕಡತಗಳು ಮನೆಯವರ ಕೈಸೇರಿದುವೆಂದು ಕೇಳಿ ತಿಳಿಯುವ ತನಕ ತಮ್ಮ ಪ್ರತಿಯನ್ನು ಅಳಿಸಬಾರದು. ಮನೆಯವರು ಕಡತಗಳನ್ನು ಇಳಿಸಿಕೊಂಡು, ಒಂದೆರಡನ್ನು ತೆರೆದು ಅಳತೆ ನೋಡಿ, ಬೇರೆ ಬೇರೆ ಎರಡು ಕಡೆ ಪ್ರತಿ ಇಡಬೇಕು.

ನಿಮ್ಮ ಫೋನಿನ ಹಳೆಯ ಸಂದೇಶಗಳಲ್ಲಿಯೂ ಇಂತಹ ಕೊಂಡಿಯೊಂದು ಇದ್ದೀತು. ಅದನ್ನು ಇಂದೇ ತೆರೆದು ನೋಡಿ. ಇನ್ನೂ ತೆರೆದರೆ ಚಿತ್ರಗಳನ್ನು ಮನೆಗೆ ತಂದುಕೊಳ್ಳಿ. ನಡುಮನೆಯ ಗೋಡೆಗೆ ಅವು ಎಂದು ಬೇಕಾಗುವುವೋ ಯಾರು ಬಲ್ಲರು?