ಮೂವತ್ತಕ್ಕೆ ಮುನ್ನವೇ ಬೋಳಾಗುವ ನೆತ್ತಿ: ಮದ್ದು ಬೇಕೆ, ಬೇಡವೆ?

ಕಾಸರಗೋಡಿನ ಮನೆಗಳಲ್ಲಿ ಗಂಡುಮಕ್ಕಳ ಮದುವೆಯ ಮಾತು ಏಳುವ ಪ್ರಾಯವೂ ಹಣೆಯ ಎರಡು ಮೂಲೆಗಳು ಹಿಂದಕ್ಕೆ ಸರಿಯತೊಡಗುವ ಪ್ರಾಯವೂ ಎಷ್ಟೋ ಸಲ ಒಂದೇ ಆಗಿರುತ್ತವೆ. ಗಲ್ಫಿನಿಂದ ರಜೆಯಲ್ಲಿ ಬಂದವನು ಕೆಲವೇ ವಾರಗಳಲ್ಲಿ ಹೆಣ್ಣು ನೋಡಿ, ಮಾತುಕತೆ ಮುಗಿಸಿ ಮರಳಬೇಕು. ಅವಸರದ ಆ ದಿನಗಳಲ್ಲಿ ತಲೆಯ ಮೇಲಿನ ಕೂದಲೂ ಜಾತಕದಷ್ಟೇ ಚರ್ಚೆಯ ವಸ್ತುವಾಗುತ್ತದೆ. ಇದನ್ನು ಬರಿಯ ಷೋಕಿ ಎಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ ಇಪ್ಪತ್ತೈದರ ಯುವಕನಿಗೆ ಅದು ಷೋಕಿಯಲ್ಲ, ನಿದ್ದೆಗೆಡಿಸುವ ಚಿಂತೆ.

ಈ ಚಿಂತೆಯನ್ನು ಕರಾವಳಿಯ ಕನ್ನಡದಲ್ಲಿ ತೆರೆಗೆ ತಂದದ್ದು ರಾಜ್ ಬಿ. ಶೆಟ್ಟಿಯವರು 2017ರಲ್ಲಿ ನಿರ್ದೇಶಿಸಿ ತಾವೇ ನಟಿಸಿದ 'ಒಂದು ಮೊಟ್ಟೆಯ ಕಥೆ'. ಮಂಗಳೂರಿನ ಕನ್ನಡ ಉಪನ್ಯಾಸಕನೊಬ್ಬನಿಗೆ ಬೋಳುತಲೆಯ ಕಾರಣದಿಂದ ಹೆಣ್ಣು ಸಿಗದಿರುವುದೇ ಅದರ ವಸ್ತು. 2019ರಲ್ಲಿ ಅದೇ ಕಥೆ 'ತಮಾಶ' ಎಂಬ ಹೆಸರಿನಲ್ಲಿ ಮಲಯಾಳಕ್ಕೆ ಬಂದಾಗ ನಾಯಕ ಮಲಯಾಳದ ಅಧ್ಯಾಪಕನಾದ. ಎರಡು ಭಾಷೆಗಳ ನಡುವೆ ಬದುಕುವ ಈ ಜಿಲ್ಲೆಯವರು ಎರಡನ್ನೂ ನೋಡಿ ನಕ್ಕರು. ಇದ್ದ ತಲೆಯನ್ನು ಒಪ್ಪಿಕೊಂಡು ಬಾಳುವ ದಾರಿಯನ್ನು ಆ ಚಿತ್ರಗಳು ತೋರಿಸಿದವು. ಆದರೆ ಕೂದಲು ಇನ್ನೂ ಅರ್ಧದಷ್ಟು ಉಳಿದಿರುವವನ ಪ್ರಶ್ನೆ ಬೇರೆ: ಇರುವುದನ್ನು ಉಳಿಸಿಕೊಳ್ಳಲು ಈಗಲೇ ಮದ್ದು ತೊಡಗಬೇಕೆ?

ಮೊದಲು ಉದುರುತ್ತಿರುವುದು ಯಾವ ಬಗೆಯದೆಂದು ತಿಳಿಯಬೇಕು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಎಲ್ಲರಿಗೂ ಸಹಜ. ಡೆಂಗಿಯಂತಹ ಕಡುಜ್ವರ ಬಂದುಹೋದ ಎರಡು ಮೂರು ತಿಂಗಳ ಮೇಲೆ ಬಾಚಣಿಗೆ ತುಂಬ ಕೂದಲು ಬರುವುದಿದೆ. ಮಳೆಗಾಲದ ಜ್ವರದ ಈ ಬಾಕಿ ದೀಪಾವಳಿಯ ಹೊತ್ತಿಗೆ ಕಾಣಿಸಿಕೊಂಡು, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ತೀರುತ್ತದೆ. ಅದಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗಬೇಕಾಗಿಲ್ಲ. ಹೆಂಗಸರಲ್ಲಾದರೆ ರಕ್ತಹೀನತೆಯನ್ನೂ ಥೈರಾಯಿಡ್ ದೋಷವನ್ನೂ ಮೊದಲು ಪರೀಕ್ಷಿಸಬೇಕು. ಅದು ಪ್ರತ್ಯೇಕ ವಿಷಯ.

ಹಣೆಯ ಮೂಲೆಗಳಿಂದಲೂ ನೆತ್ತಿಯಿಂದಲೂ ನಿಧಾನವಾಗಿ ಹರಡುವ ಗಂಡಸರ ಬೋಳಿನ ಕಾರಣ ಬೇರೆ. ಗಲ್ಫಿನ ನೀರು, ಹೆಲ್ಮೆಟ್, ಶಾಂಪೂ ಎಂದು ಊರಿನವರು ಹೇಳುವ ಯಾವುದೂ ಅದರ ಬೇರಲ್ಲ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಯಿತು. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ. ಅವರಿಗೆ ಗಂಡುಹಾರ್ಮೋನು ಕೊಟ್ಟರೆ, ವಂಶದಲ್ಲಿ ಬೋಳು ಇದ್ದವರ ಕೂದಲು ಉದುರತೊಡಗುತ್ತದೆ. ಅಂದರೆ ವಂಶವೂ ಬೇಕು, ಹಾರ್ಮೋನೂ ಬೇಕು. ಈ ಹಾರ್ಮೋನನ್ನು ಗ್ರಹಿಸುವ ಮುಖ್ಯ ಜೀನು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಅಳಿಯಸಂತಾನದ ಈ ನಾಡಿನಲ್ಲಿ ಸೋದರಮಾವನ ಆಸ್ತಿಯ ಜೊತೆಗೆ ಅವನ ತಲೆಯೂ ಬಂತೆಂದು ತಮಾಷೆ ಮಾಡಿದರೆ ಪೂರ್ತಿ ಸುಳ್ಳಾಗದು. ಆದರೆ ತಂದೆಯ ಕಡೆಯ ಜೀನುಗಳಿಗೂ ಪಾಲಿದೆ.

ಮದ್ದಿನ ಸುಳಿವು ಸಿಕ್ಕಿದ್ದು ಕೆರಿಬಿಯನ್ ಕಡಲಿನ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ. ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಂಡು, ಹರೆಯಕ್ಕೆ ಬಂದಾಗ ಗಂಡಸರಾಗುವ ಕೆಲವರು ಅಲ್ಲಿದ್ದರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲೆ ಮತ್ತು ಸಂಗಡಿಗರು 1974ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಟೆಸ್ಟೊಸ್ಟೆರೋನನ್ನು ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವ ಅವರಲ್ಲಿ ಇರಬೇಕಾದಂತೆ ಇರಲಿಲ್ಲ. ಆ ಗಂಡಸರ ಪ್ರಾಸ್ಟೇಟ್ ಗ್ರಂಥಿ ಜೀವನವಿಡೀ ಚಿಕ್ಕದು. ಹಣೆಯ ಕೂದಲು ಹಿಂದೆ ಸರಿಯುವುದೂ ಇಲ್ಲ. ಅದೇ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ ಮಾತ್ರೆ 1992ರಲ್ಲಿ 5 ಮಿಲಿಗ್ರಾಂ ಪ್ರಮಾಣದಲ್ಲಿ ಪ್ರಾಸ್ಟೇಟ್ ಊತಕ್ಕೂ, 1997ರಲ್ಲಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಬೋಳುತಲೆಗೂ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಅದರಿಂದ ಏನನ್ನು ನಿರೀಕ್ಷಿಸಬಹುದು? 18ರಿಂದ 41ರ ಪ್ರಾಯದ ಗಂಡಸರ ಮೇಲೆ ನಡೆದ ಮೂಲ ಪರೀಕ್ಷೆಗಳಲ್ಲಿ ಎರಡು ವರ್ಷಗಳ ಕೊನೆಗೆ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 83 ಮಂದಿಯ ನೆತ್ತಿಯ ಕೂದಲಿನ ಎಣಿಕೆ ಇಳಿದಿರಲಿಲ್ಲ. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಹಾಗಿದ್ದವರು ನೂರಕ್ಕೆ 28 ಮಾತ್ರ. ಕೆಲವರಿಗೆ ಸ್ವಲ್ಪ ಹೊಸದಾಗಿಯೂ ಬೆಳೆಯಿತು. ಆದರೆ ಇದು ಮುಖ್ಯವಾಗಿ ಕಾವಲುಗಾರನ ಕೆಲಸ. ನುಣುಪಾಗಿ ಬೋಳಾದ ನೆತ್ತಿಯಲ್ಲಿ ಅದು ಕಾಡು ಬೆಳೆಸದು. ಬೇಗ ತೊಡಗಿದವನಿಗೇ ಹೆಚ್ಚು ಲಾಭ ಎಂಬ ಮಾತಿನ ಆಧಾರವೂ ಇದೇ. ಫಲ ಕಾಣಲು ಮೂರರಿಂದ ಆರು ತಿಂಗಳು, ತೀರ್ಮಾನ ಹೇಳಲು ಒಂದು ವರ್ಷ ಬೇಕು. ನಿಲ್ಲಿಸಿದರೆ ಉಳಿದದ್ದು ಮುಂದಿನ ವರ್ಷದೊಳಗೆ ಕೈಬಿಡುತ್ತದೆ. ಆದ್ದರಿಂದ ಮದುವೆಯ ತನಕ ನುಂಗಿ ಆಮೇಲೆ ಬಿಟ್ಟರಾಯಿತು ಎಂಬ ಲೆಕ್ಕ ನಡೆಯದು. ಇಪ್ಪತ್ತೈದರಲ್ಲಿ ತೊಡಗುವವನು ನಲವತ್ತೈದರ ತನಕದ ದಿನಚರಿಯನ್ನು ಒಪ್ಪಿಕೊಳ್ಳುತ್ತಿದ್ದಾನೆ.

ಅಡ್ಡಪರಿಣಾಮಗಳ ವಿಷಯದಲ್ಲಿಯೇ ಮನಸ್ಸು ತಡವರಿಸುವುದು, ತಡವರಿಸುವುದು ನ್ಯಾಯವೂ ಹೌದು. ಕಾಮಾಸಕ್ತಿ ತಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಇಳಿಯುವುದು: ಇವುಗಳಲ್ಲಿ ಯಾವುದಾದರೂ ಒಂದು ಆ ಪರೀಕ್ಷೆಗಳಲ್ಲಿ ಮಾತ್ರೆಯವರಲ್ಲಿ ನೂರಕ್ಕೆ 3.8, ಹುಸಿಮಾತ್ರೆಯವರಲ್ಲಿ ನೂರಕ್ಕೆ 2.1 ಮಂದಿಗೆ ಕಂಡುಬಂತು. ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಸರಿಹೋಯಿತು. ನಿಲ್ಲಿಸಿದರೂ ಮುಂದುವರಿದ ದೂರುಗಳು ಬಂದುದರಿಂದ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆಯ ಪತ್ರದಲ್ಲಿ ಅದನ್ನೂ ಸೇರಿಸಿದರು. ಯುರೋಪಿನ ಔಷಧ ಸಂಸ್ಥೆಯ ಸಮಿತಿ 2025ರ ಮೇ ತಿಂಗಳಲ್ಲಿ ಆತ್ಮಹತ್ಯೆಯ ಯೋಚನೆಗಳನ್ನು ಈ ಮದ್ದಿನ ಅಡ್ಡಪರಿಣಾಮವೆಂದು ದೃಢಪಡಿಸಿತು. ಒಟ್ಟಿನಲ್ಲಿ ಲಾಭವೇ ಹೆಚ್ಚೆಂದೂ ಹೇಳಿತು. ಹಿಂದೆ ಖಿನ್ನತೆಗೆ ಒಳಗಾದವನು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು, ಮನಸ್ಸು ಕುಗ್ಗುವುದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಹೋಗಿ ಕಾಣಬೇಕು.

ಇನ್ನೊಂದು ಸಂಗತಿ ಕುತೂಹಲಕರ. ಇಟಲಿಯಲ್ಲಿ ಪ್ರಾಸ್ಟೇಟ್ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಕೊಟ್ಟದ್ದು ಇದೇ ಔಷಧ. ಲೈಂಗಿಕ ತೊಂದರೆ ಬರಬಹುದೆಂದು ಮುಂಚಿತವಾಗಿ ತಿಳಿಸಲಾದವರಲ್ಲಿ ನೂರಕ್ಕೆ 43.6 ಮಂದಿ, ತಿಳಿಸದವರಲ್ಲಿ 15.3 ಮಂದಿ ತೊಂದರೆ ಹೇಳಿಕೊಂಡರು. ಭಯವೂ ದೇಹದ ಮೇಲೆ ಕೆಲಸ ಮಾಡುತ್ತದೆ. ಹಾಗೆಂದು ತೊಂದರೆ ಹೇಳಿಕೊಂಡವನನ್ನು ಭ್ರಮೆಯವನೆಂದು ಕರೆಯುವುದು ಅನ್ಯಾಯ.

ಮಾತ್ರೆ ಬೇಡವೆನ್ನುವವರಿಗೆ ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಇದೆ. ಇದು ಮೊದಲು ರಕ್ತದೊತ್ತಡದ ಗುಳಿಗೆ. ನುಂಗಿದವರ ಮೈಮೇಲೆಲ್ಲ ರೋಮ ಬೆಳೆದಾಗ ಅದರ ಇನ್ನೊಂದು ಗುಣ ತಿಳಿಯಿತು. ಹಚ್ಚುವ ದ್ರವಕ್ಕೆ 1988ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗಂಡಸರು ದಿನಕ್ಕೆ ಎರಡು ಸಲ ಹಚ್ಚಬೇಕು, ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾದಂತೆ ಕಾಣುತ್ತದೆ, ಬಿಟ್ಟರೆ ಗುಣವೂ ಹೋಗುತ್ತದೆ. ಬೆಕ್ಕು ಸಾಕುವ ಮನೆಯವರು ಗಮನಿಸಬೇಕು: ನೆಕ್ಕಿದರೆ ಬೆಕ್ಕಿನ ಪ್ರಾಣಕ್ಕೇ ಅಪಾಯ.

ದಾಸವಾಳದ ಸೊಪ್ಪಿನ ಗೊಂಪು, ಭೃಂಗರಾಜದ ಎಣ್ಣೆ, ತೆಂಗಿನೆಣ್ಣೆ ಇವು ಕೂದಲಿಗೆ ನುಣುಪು ಕೊಡುತ್ತವೆ, ತಲೆಗೆ ತಂಪು ನೀಡುತ್ತವೆ. ಬೋಳನ್ನು ವಾಸಿಮಾಡುತ್ತೇವೆಂಬ ಜಾಹೀರಾತನ್ನು ಮಾತ್ರ ನಂಬಬಾರದು. ಗುಣಪಡಿಸುವುದಾಗಿ ಔಷಧಗಳು ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯೊಂದು ಭಾರತದ ಔಷಧ ನಿಯಮಗಳಲ್ಲೇ ಇದೆ. ಷೆಡ್ಯೂಲ್ ಜೆ ಎಂಬ ಆ ಪಟ್ಟಿಯಲ್ಲಿ ಬೋಳುತಲೆಯೂ ಸೇರಿದೆ.

ಫಿನಾಸ್ಟೆರೈಡನ್ನು ಮದ್ದಿನಂಗಡಿಯಲ್ಲಿ ಕೇಳಿ ತರುವುದಕ್ಕಿಂತ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಚರ್ಮತಜ್ಞರನ್ನು ಕಾಣುವ ಒಂದು ದಿನದ ಖರ್ಚು ಲೇಸು. ಬೇಗನೆ ಮಗುವನ್ನು ಬಯಸುವವರು ಅದನ್ನೂ ಹೇಳಬೇಕು. ಕೆಲವರಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿದು, ನಿಲ್ಲಿಸಿದ ಮೇಲೆ ಸುಧಾರಿಸಿದ ವರದಿಗಳಿವೆ. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು, ಗಂಡುಶಿಶುವಿನ ಜನನಾಂಗದ ಬೆಳವಣಿಗೆಗೆ ಅದು ಅಡ್ಡಿ. ಮುಂದೆ ಪ್ರಾಸ್ಟೇಟಿನ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗಲೂ ಈ ಮಾತ್ರೆಯ ವಿಷಯ ತಿಳಿಸಬೇಕು, ಏಕೆಂದರೆ ಅದು ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ನಿರ್ಧಾರ ಆಗದವರಿಗೆ ಕಾಯುವ ದಾರಿಯೂ ತೆರೆದಿದೆ. ಒಂದೇ ಕಿಟಕಿಯ ಬೆಳಕಿನಲ್ಲಿ, ಒಣಗಿದ ಕೂದಲಿನಲ್ಲಿ, ಹಣೆಯದೂ ನೆತ್ತಿಯದೂ ಒಂದೊಂದು ಫೋಟೋ ತೆಗೆದಿಟ್ಟು ಆರು ತಿಂಗಳ ಮೇಲೆ ಮತ್ತೆ ತೆಗೆಯಬೇಕು. ಕನ್ನಡಿ ದಿನಕ್ಕೊಂದು ಮಾತು ಹೇಳುತ್ತದೆ; ಎರಡು ಫೋಟೋಗಳನ್ನು ಪಕ್ಕದಲ್ಲಿಟ್ಟರೆ ಉದುರುವ ವೇಗ ತಿಳಿಯುತ್ತದೆ, ವೈದ್ಯರಿಗೂ ಅವು ಉಪಯೋಗಕ್ಕೆ ಬರುತ್ತವೆ.