ಕೊಳಕುಮಂಡಲ ಕಡಿದರೆ ಜೀವಕೋಶದ ಪೊರೆಗೇ ಕತ್ತರಿ

ಜತ್ತ: ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೋದವರಿಗೆ ಹಾವು ಕಡಿದ ಸುದ್ದಿ ನಮ್ಮ ಗಡಿಭಾಗಕ್ಕೆ ಹೊಸದಲ್ಲ. ನಾವು ಕೊಳಕುಮಂಡಲ ಎನ್ನುವುದನ್ನು ಇಲ್ಲಿನ ಮರಾಠಿ ಡಾಕ್ಟರು ಘೋಣಸ ಎನ್ನುತ್ತಾರೆ. ಕಾಸರಗೋಡಿನಲ್ಲಿ ಅದು ಅಣಲಿ, ತಾಳವಾಡಿಯಲ್ಲಿ ಕಣ್ಣಾಡಿ ವಿರಿಯನ್, ಆದೋನಿ ಕಡೆ ರಕ್ತಪಿಂಜರಿ. ದವಾಖಾನೆಯಲ್ಲಿ ಆ ಊರಿನ ಹೆಸರು ಹೇಳಿದರೆ ಡಾಕ್ಟರಿಗೂ ಅನುಕೂಲ.

ಆ ವಿಷದೊಳಗೆ ಅಂಥಾದ್ದೇನೈತಿ? ಮುಖ್ಯವಾದದ್ದು ಫಾಸ್ಫೊಲೈಪೇಸ್ ಎ-2 ಎಂಬ ಕಿಣ್ವ. ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆಯೊಂದಿದೆ. ಅದು ಫಾಸ್ಫೊಲಿಪಿಡ್ ಎಂಬ ಕೊಬ್ಬು. ಮೊಟ್ಟೆಯ ಹಳದಿಯಲ್ಲೂ ಇದೇ ಜಾತಿಯದು ಇರುತ್ತದೆ. ಒಂದೊಂದು ಕಣಕ್ಕೆ ಒಂದು ತಲೆ, ಎರಡು ಬಾಲ. ಕಿಣ್ವ ಒಂದು ಬಾಲವನ್ನು ಕತ್ತರಿಸಿ ಹಾಕುತ್ತದೆ. ಉಳಿದ ತುಂಡು ಸಾಬೂನಿನಂತೆ ಪೊರೆಯನ್ನು ಸಡಿಲಿಸುತ್ತದೆ. ಬಿದ್ದ ಬಾಲದಿಂದ ನೋವು, ಬಾವು ತರುವ ರಸಗಳು ಹುಟ್ಟುತ್ತವೆ. ಸ್ನಾಯು ಸಾಯುತ್ತದೆ. ವಿಷದ ಬೇರೆ ಕಿಣ್ವಗಳು ರಕ್ತ ಹೆಪ್ಪುಗಟ್ಟುವ ಸಾಮಗ್ರಿಯನ್ನೇ ಖಾಲಿ ಮಾಡುತ್ತವೆ. ಒಸಡಿನಲ್ಲಿ ರಕ್ತ, ಕೊನೆಗೆ ಕಿಡ್ನಿಗೂ ಪೆಟ್ಟು.

ಈ ಜಾತಿಯ ಕಿಣ್ವ ಹಾವಿನ ಸ್ವಂತ ಆಸ್ತಿಯೇನಲ್ಲ. ಊಟದ ಕೊಬ್ಬು ಅರಗಿಸಲು ನಮ್ಮ ಹೊಟ್ಟೆಯೊಳಗೂ ಇದೆ, ರೋಗಾಣು ಕೊಲ್ಲಲು ಕಣ್ಣೀರಿನಲ್ಲೂ ಇದೆ!

ಕಟ್ಟುಹಾವಿನ (ಮಣ್ಯಾರ) ಕಥೆ ಇನ್ನೂ ಮೋಸದ್ದು. ನೆಲದ ಮೇಲೆ ಮಲಗಿದವರಿಗೆ ಕಡಿದರೆ ಗಾಯವೂ ಕಾಣಲಿಕ್ಕಿಲ್ಲ, ಉರಿಯೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳುತ್ತದೆ. ಇದರ ವಿಷದಲ್ಲಿರುವ ಇದೇ ಜಾತಿಯ ಕಿಣ್ವ ನರದ ತುದಿಯನ್ನೇ ಹಾಳು ಮಾಡುತ್ತದೆ. ಆಮೇಲೆ ಸೂಜಿ ಕೊಟ್ಟರೂ ನರ ತಕ್ಷಣ ಸರಿಹೋಗದು. ಉಸಿರಾಟದ ಯಂತ್ರ ಬೇಕಾದೀತು. ಸೊಳ್ಳೆ ಪರದೆ ಕಟ್ಟಿ ಮಲಗುವುದು ಇದಕ್ಕೂ ಒಳ್ಳೇದು.

ಪ್ರತಿವಿಷ ಹೊಸ ಹಾನಿ ತಡೆಯುತ್ತದೆ, ಆಗಿಹೋದದ್ದನ್ನು ಹೊಲಿಯುವುದಿಲ್ಲ. ಹೀಗಾಗಿ ಮಂತ್ರ, ಬೇರು ಎಂದು ಕಳೆವ ಎರಡು ತಾಸು ದೊಡ್ಡ ನಷ್ಟ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಹಾವು ಹಿಡಿಯಲು ಹೋಗಬೇಡಿ. ಕಾಲು ಅಲುಗಾಡದಂತೆ ಇರಿಸಿ ಗಾಡಿ ಹತ್ತಿಸಿ. ಅಲ್ಲಿ ಗಾಜಿನ ನಳಿಗೆಯಲ್ಲಿ ರಕ್ತ ಹಿಡಿದು 20 ನಿಮಿಷ ಇಡುತ್ತಾರೆ; ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಶುರು.

2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ. ನಮ್ಮ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಆದರೆ ಊರಿಂದೂರಿಗೆ ವಿಷದ ಗುಣ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ತಮಿಳುನಾಡಿನ ಹಾವಿನ ವಿಷಕ್ಕೆಂದು ಮಾಡಿದ ಔಷಧ ನಮ್ಮ ಹೊಲದ ಹಾವಿಗೆ ಎಷ್ಟು ಸಾಕು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಈ ಕಿಣ್ವವನ್ನೇ ತಡೆಯುವ ಗುಳಿಗೆಯ ಪ್ರಯತ್ನವೂ ನಡೆದಿದೆ. ಹೃದ್ರೋಗಿಗಳಿಗೆ ಉಪಯೋಗವಾಗದೆ 2012ರಲ್ಲಿ ಪ್ರಯೋಗ ನಿಂತುಹೋದ ವರೆಸ್ಪ್ಲಾಡಿಬ್ ಎಂಬ ಔಷಧವನ್ನು ಭಾರತ, ಅಮೆರಿಕದಲ್ಲಿ ಹಾವು ಕಡಿದವರಿಗೆ ಪ್ರತಿವಿಷದ ಜೊತೆ ಕೊಟ್ಟು ನೋಡಿದರು. 2024ರ ವರದಿಯಂತೆ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಡಿದ 5 ತಾಸಿನೊಳಗೆ ಗುಳಿಗೆ ಸಿಕ್ಕವರಲ್ಲಿ ಮಾತ್ರ ಸ್ವಲ್ಪ ಆಸೆ ಹುಟ್ಟಿಸಿತು.